ಮಳೆರಾಯರ ಸ್ವಂತ ಮಳೆ

ಹಿಂದೆಲ್ಲ ಋತುಗಳಿಗೆ ಸ್ವಲ್ಪ ಸಂಕೋಚವಿತ್ತು. ಚಳಿ ಬರುವ ಮೊದಲು ಬೆಳಗಿನ ಹೊತ್ತು ಹೊದಿಕೆಯೊಳಗೆ ಕಾಲು ತೂರಿಸಿ, ಜಾಗ ಇದೆಯೇ ಎಂದು ನೋಡಿಕೊಂಡು ಹೋಗುತ್ತಿತ್ತು. ಮಳೆಯಂತೂ ಮೊದಲು ಗಾಳಿಯನ್ನು ಕಳಿಸಿ, ತಂತಿಯ ಮೇಲಿನ ಬಟ್ಟೆಗಳನ್ನು ಅಲ್ಲಾಡಿಸಿ, ‘ಬರಲಾ?’ ಎಂದು ಕೇಳಿಯೇ ಬರುತ್ತಿತ್ತು. ಈಗ ಯಾರಿಗೂ ಕೇಳಿ ಬರುವ ಅಭ್ಯಾಸವಿಲ್ಲ, ಹೇಳಿ ಹೋಗುವ ಅಭ್ಯಾಸ ಮೊದಲೇ ಇಲ್ಲ. ಚಳಿಗಾಲದಲ್ಲಿ ಫ್ಯಾನು ಹಾಕಿಕೊಂಡು ಮಲಗಬೇಕು, ಫ್ಯಾನಿನ ಕಾಲದಲ್ಲಿ ನೆಗಡಿ. ಈ ವರ್ಷ ಊರಿನಲ್ಲಿ ಸೋರಿದ್ದು ಮೂಗುಗಳು ಮಾತ್ರ. ಆಕಾಶ ಒಂದು ಹನಿಯನ್ನೂ ಬಿಡಲಿಲ್ಲ. ಬೇಸಿಗೆ ಎಂಬ ನೆಂಟ ಹಾಲ್‌ನಲ್ಲಿ ಕಾಲು ಚಾಚಿ ಮಲಗಿಬಿಟ್ಟಿದ್ದ. ಏಳುವ ಲಕ್ಷಣವೇ ಇರಲಿಲ್ಲ.

ಇದೆಲ್ಲದರ ಹೊಣೆ ಬಂದು ಬಿದ್ದದ್ದು ಮಳೆರಾಯರ ತಲೆಯ ಮೇಲೆ. ಮಳೆರಾಯರೆಂದರೆ ಯಾವ ದೇವತೆಯೂ ಅಲ್ಲ. ತಲೆಯ ನಡುವೆ ಕೂದಲು ಖಾಲಿಯಾಗಿರುವ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಳ್ಳುವ, ಹವಾಮಾನ ಕಚೇರಿಯ ಒಬ್ಬ ನೌಕರರು. ಕೆಳಮನೆಯ ದರ್ಜಿ ಒಮ್ಮೆ ತಮಾಷೆಗೆ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿ, ಈಗ ಅಂಚೆಯವನೂ ಹಾಗೆಯೇ ಕರೆಯುತ್ತಾನೆ. ಕಚೇರಿಯ ಅಂಗಳದಲ್ಲಿ ಒಂದು ಮಳೆ ಮಾಪಕವಿದೆ: ಮೇಲೆ ಆಲಿಕೆಯಂಥ ಬಾಯಿ, ಒಳಗೆ ಒಂದು ಪಾತ್ರೆ. ದಿನಾ ಬೆಳಗ್ಗೆ ಆ ಪಾತ್ರೆ ತೆಗೆದು, ಬಿದ್ದಿರುವ ನೀರನ್ನು ಗೆರೆ ಹಾಕಿದ ಗಾಜಿನ ಕೊಳವೆಗೆ ಬಗ್ಗಿಸಿ, ಎಷ್ಟು ಮಳೆಯಾಯಿತೆಂದು ಬರೆಯುವುದು ಮಳೆರಾಯರ ಉದ್ಯೋಗ. ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವುದು ಒಳಗೆ ಕೂತ ಸಾಹೇಬರು. ಬಂದು ಹೋದದ್ದನ್ನು ಅಳೆಯುವುದಷ್ಟೇ ಇವರು. ನೆಂಟರನ್ನು ಊಟಕ್ಕೆ ಕರೆಯುವವರೇ ಬೇರೆ, ಎಂಜಲು ತಟ್ಟೆ ಎಣಿಸುವವರೇ ಬೇರೆ.

ಆದರೆ ಈ ಭೇದವನ್ನು ಮಳೆರಾಯರು ಮನೆಯಲ್ಲಿ ಎಂದೂ ಬಿಡಿಸಿ ಹೇಳಿರಲಿಲ್ಲ. (ಯಾವ ಗಂಡ ತಾನೇ ಹೇಳುತ್ತಾನೆ?) ಮನೆಯಲ್ಲಿ ಇಡೀ ಆಕಾಶ ತಮ್ಮ ಕೈಕೆಳಗೆ ಕೆಲಸ ಮಾಡುತ್ತಿದೆ ಎನ್ನುವ ಧಾಟಿಯಲ್ಲೇ ಮಾತು. ಅದೇ ಮುಳುವಾಯಿತು.

ಅವರದು ಮೇಲಿನ ಮಹಡಿಯ ಮನೆ. ತಲೆಯ ಮೇಲೆ ನೇರವಾಗಿ ತಾರಸಿ, ತಾರಸಿಯ ಮೇಲೆ ನೇರವಾಗಿ ಸೂರ್ಯ, ಮಧ್ಯೆ ದಲ್ಲಾಳಿಗಳಿಲ್ಲ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ನೇರವಾಗಿ ಕಾಫಿಪುಡಿ ಹಾಕಬಹುದಾದಂಥ ನೀರು ಬರುತ್ತಿತ್ತು. ಬೇಸಿಗೆ ಶುರುವಾಗುತ್ತಲೇ ಮನೆಯಾಕೆ ಹೇಳಿದ್ದಳು:

“ರೀ, ತಾರಸಿಗೆ ಸುಣ್ಣ ಬಳಿಸೋಣ. ಎದುರುಮನೆಯವರು ಬಳಿಸಿದ್ದಾರೆ. ಒಳಗೆ ಎಷ್ಟು ತಂಪಾಗಿದೆ ಗೊತ್ತಾ?”

“ಸುಣ್ಣಾನಾ? ಮುಂದಿನ ವಾರ ಮಳೆ. ಬಳಿದದ್ದೆಲ್ಲ ಕೊಚ್ಚಿ ಹೋಗುತ್ತೆ.”

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಇಲಾಖೆ ಯಾರದು?”

ಮುಂದಿನ ವಾರ ಬಂತು. ಮಳೆ ಬರಲಿಲ್ಲ. ಅದರ ಮುಂದಿನ ವಾರ ಮಳೆರಾಯರು ಇನ್ನಷ್ಟು ಗಂಭೀರವಾಗಿ, ‘ವಾಯುಭಾರ ಕುಸಿದಿದೆ, ಇನ್ನೇನು ಬಂತು’ ಎಂದರು. ವಾಯುಭಾರ ಕುಸಿಯಿತೋ ಬಿಟ್ಟಿತೋ, ಮನೆಯಾಕೆಯ ತಾಳ್ಮೆ ಮಾತ್ರ ಕುಸಿಯುತ್ತಾ ಹೋಯಿತು. ಕೆಳಮನೆಯ ದರ್ಜಿ, ಮಳೆರಾಯರು ಕೊಡೆ ಹಿಡಿದು ಹೊರಟ ದಿನವೇ ನೋಡಿಕೊಂಡು ಹಾಸಿಗೆ ದಿಂಬುಗಳನ್ನು ಬಿಸಿಲಿಗೆ ಹಾಕತೊಡಗಿದ.

ಕೊನೆಗೊಂದು ಮಧ್ಯಾಹ್ನ ಮನೆಯಾಕೆ ಒದ್ದೆ ಟವೆಲನ್ನು ಕಿಟಕಿಗೆ ಕಟ್ಟಿ, ಅದು ಕಣ್ಣೆದುರೇ ಹಪ್ಪಳದಂತೆ ಒಣಗಿದ್ದನ್ನು ನೋಡಿ, ಚೀಲ ತುಂಬತೊಡಗಿದಳು. ಹೊಳೆಯಾಚೆಯ ಊರಿನಲ್ಲಿ ಅವಳ ಅಕ್ಕನ ಮನೆ. ಗಿಡಮರಗಳ ನಡುವಿನ ಹೆಂಚಿನ ಮನೆ, ತಂಪು ಜಾಗ.

“ಎಲ್ಲಿಗೆ?”

“ಅಕ್ಕನ ಮನೆಗೆ.”

“ಎಂದು ಬರ್ತೀಯ?”

“ನೀವು ವಾರವಾರ ಹೇಳ್ತೀರಲ್ಲ, ಆ ಮಳೆ. ಅದು ಬಂದ ದಿನ ಬರ್ತೀನಿ.”

“ಹಾಗಾದ್ರೆ ಬಟ್ಟೆ ಜಾಸ್ತಿ ತಗೊಂಡು ಹೋಗಬೇಡ. ಈ ವಾರಾನೇ ಬರುತ್ತೆ.”

ಈ ಕೊನೆಯ ಮಾತನ್ನು ಯಾಕೆ ಆಡಿದೆನೆಂದು ಮಳೆರಾಯರು ಆಮೇಲೆ ತಲೆ ಚಚ್ಚಿಕೊಂಡರು. ‘ಹೋಗಬೇಡ’ ಎನ್ನಬಹುದಿತ್ತು. ‘ಸುಣ್ಣ ಬಳಿಸೋಣ, ಚೀಲ ಇಳಿಸು’ ಎನ್ನಬಹುದಿತ್ತು. ಆದರೆ ಇಲಾಖೆಯ ಗೌರವ ಗಂಟಲಲ್ಲಿ ಅಡ್ಡ ಕೂತಿತ್ತು. ಆಕೆ ಚೀಲಕ್ಕೆ ಇನ್ನೂ ನಾಲ್ಕು ಬಟ್ಟೆ ತುರುಕಿ ಹೊರಟುಹೋದಳು.

ಮೊದಮೊದಲು ಮಳೆರಾಯರಿಗೆ ಸ್ವಾತಂತ್ರ್ಯದ ಖುಷಿ. ಪೇಪರನ್ನು ನೆಲದ ಮೇಲೆ ಹರಡಿಯೇ ಬಿಟ್ಟರು, ಯಾರೂ ಬೈಯಲಿಲ್ಲ. ಒದ್ದೆ ಕಾಲಿನಲ್ಲಿ ಮನೆಯೆಲ್ಲ ಓಡಾಡಿದರು, ಯಾರೂ ಬೈಯಲಿಲ್ಲ. ಯಾರೂ ಬೈಯದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಆಮೇಲೆ ನಿಧಾನವಾಗಿ ತಿಳಿಯಿತು. ಸೆಖೆಯಾಯಿತೆಂದು ಗೊಣಗಲೂ ಎದುರಿಗೊಬ್ಬರು ಬೇಕು. ಗೋಡೆಗೆ ಮುಖ ಮಾಡಿ ‘ಎಂಥ ಧಗೆ!’ ಎಂದರೆ ಗೋಡೆ ‘ಎಲ್ಲಾ ನಿಮ್ಮಿಂದಲೇ’ ಎನ್ನುವುದಿಲ್ಲ. ಬೆಳಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿ, ಒಂದನ್ನು ಕುಡಿದು, ಇನ್ನೊಂದರ ಎದುರು ಸುಮ್ಮನೆ ಕೂತಿರುತ್ತಿದ್ದರು. ಅಡುಗೆಮನೆಯ ಮೊಳೆಗೆ ಅವಳು ನೇತುಹಾಕಿ ಹೋದ ಕೈವಸ್ತ್ರವನ್ನು ತೆಗೆದು ಕೈ ಒರೆಸಿಕೊಳ್ಳಲೂ ಮನಸ್ಸು ಬಾರದೆ, ಅಂಗಿಗೇ ಒರೆಸಿಕೊಂಡು ಓಡಾಡಿದರು. ಅವರಿಗೆ ಹೆಂಡತಿ ಬೇಕಾಗಿದ್ದಳು, ಅಷ್ಟೇ. ಆದರೆ ಅದನ್ನು ಅವಳಿಗೆ ಹೇಳುವ ಬಾಯಿ ಅವರಿಗಿರಲಿಲ್ಲ.

ಸಂಜೆ ಅಕ್ಕನ ಮನೆಯಿಂದ ಫೋನು ಬರುತ್ತಿತ್ತು.

“ಹಲೋ.”

“ಹಲೋ.”

“ಮೋಡ ಇದೆಯಾ?”

“ಭಾಗಶಃ ಇದೆ.”

“ಭಾಗಶಃ ಅಂದ್ರೆ?”

“ಅಂದ್ರೆ… ಒಂದಿದೆ. ನೀರಿನ ಟ್ಯಾಂಕಿನ ಆಚೆ.”

“ಎಷ್ಟು ದೊಡ್ಡದು?”

“ಕರ್ಚೀಫಿನಷ್ಟು.”

“ಕಪ್ಪಗಿದೆಯಾ?”

“ಒಗೆದು ಹಾಕಿದ ಹಾಗಿದೆ.”

“ಸರಿ. ಇಡ್ತೀನಿ.”

ಆಕೆ ‘ಇಡ್ತೀನಿ’ ಎಂದ ಮೇಲೂ ಕೂಡಲೇ ಇಡುತ್ತಿರಲಿಲ್ಲ. ಇವರೂ ಇಡುತ್ತಿರಲಿಲ್ಲ. ಎರಡೂ ಕಡೆ ಇಬ್ಬರು ನಡುವಯಸ್ಸಿನವರು ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳುತ್ತಾ ನಿಲ್ಲುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ‘ನೀನಿಲ್ಲದೆ ಆಗುತ್ತಿಲ್ಲ’ ಎನ್ನುವುದು ನಾಚಿಕೆಯ ವಿಷಯ. ಮೋಡದ ವಿಷಯಕ್ಕೆ ಆ ನಾಚಿಕೆಯಿಲ್ಲ. ಹಾಗಾಗಿ ಅವರು ದಿನಾ ಮೋಡದ ವಿಷಯವನ್ನೇ ಮಾತಾಡಿದರು.

ಒಂದು ಸಂಜೆ ಮಳೆರಾಯರು ತಡೆಯಲಾರದೆ ಒಂದು ಸಣ್ಣ ಸುಳ್ಳು ಬಿಟ್ಟರು.

“ಇವತ್ತು ಇಲ್ಲಿ ನಾಲ್ಕು ಹನಿ ಬಿತ್ತು.”

“ಹೌದಾ? ರೇಡಿಯೋದಲ್ಲಿ ಹೇಳಲೇ ಇಲ್ಲ?”

“ರೇಡಿಯೋದವರಿಗೆ ಹೇಳೋದೇ ನಾನು ಕಣೇ!”

“ಅವರಿಗೇನು ಹೇಳ್ತೀರೋ ನನಗೂ ಅದನ್ನೇ ಹೇಳಿ. ನಿಮ್ಮ ಮಾತು ನಂಬಿ ಒಂದು ಬೇಸಿಗೆ ಬೆಂದಿದ್ದು ಸಾಕು. ರೇಡಿಯೋದಲ್ಲಿ ಬರಲಿ, ಆ ಕ್ಷಣ ಹೊರಡ್ತೀನಿ.”

ಮಳೆರಾಯರು ಫೋನಿಟ್ಟು ಕುರ್ಚಿಯಲ್ಲಿ ಕುಸಿದರು. ಕಟ್ಟಿಕೊಂಡ ಹೆಂಡತಿಗೆ ಗಂಡನ ಬಾಯಿಮಾತಿನಲ್ಲಿ ನಂಬಿಕೆಯಿಲ್ಲ. ಅದೇ ಗಂಡ ಬರೆದುಕೊಟ್ಟದ್ದನ್ನು ಯಾರೋ ಗುರುತು ಪರಿಚಯವಿಲ್ಲದವರು ರೇಡಿಯೋದಲ್ಲಿ ಓದಿದರೆ ಅದು ವೇದವಾಕ್ಯ! ಹೀಗೆ ಸಿಟ್ಟಾಗುತ್ತಾ ಆಗುತ್ತಾ ಅವರ ತಲೆಯಲ್ಲಿ ಒಂದು ದಿವ್ಯವಾದ ಯೋಚನೆ ಮೊಳೆಯಿತು. ಮಳೆರಾಯರು ತಮ್ಮ ಸೇವಾವಧಿಯಲ್ಲಿ ಒಂದು ಹನಿಯನ್ನು ಹೆಚ್ಚು ಬರೆದವರಲ್ಲ, ಒಂದು ಹನಿಯನ್ನು ನುಂಗಿದವರಲ್ಲ. ಅಂಥವರಿಗೂ ಬಿಸಿಲು ಮತ್ತು ವಿರಹ ಒಟ್ಟಿಗೆ ಸೇರಿದರೆ ಇಂಥ ಯೋಚನೆ ಬರುತ್ತದೆ.

ಮರುದಿನ ಬೆಳಗ್ಗೆ ಕಚೇರಿಯ ಬಚ್ಚಲಿನಿಂದ ಒಂದು ಮಗ್ ನೀರು ತುಂಬಿಕೊಂಡು, ಅದನ್ನು ಪೇಪರಿನಿಂದ ಮುಚ್ಚಿಕೊಂಡು, ಮಳೆರಾಯರು ಅಂಗಳಕ್ಕೆ ಇಳಿದರು. ಒಂದು ತುಂತುರು ಸಾಕು, ರೇಡಿಯೋದವರ ಬಾಯಿಗೆ ಬೀಳುವಷ್ಟು ಸಾಕು ಎಂದುಕೊಂಡು ಮಾಪಕದ ಬಾಯಿಗೆ ಮಗ್ಗನ್ನು ಮೆಲ್ಲನೆ ಬಗ್ಗಿಸಿದರು. ನಾಲ್ಕು ಹನಿ ಬಿತ್ತು. ನಿಲ್ಲಿಸಿದರು. ತುಂತುರಿಗೆ ಅವಳು ಬಂದಾಳೆಯೇ? ‘ಇಷ್ಟಕ್ಕೆಲ್ಲಾ ಬಸ್ಸು ಹತ್ತೋದಾ’ ಅಂದುಬಿಟ್ಟರೆ? ಇನ್ನಷ್ಟು ಬಗ್ಗಿಸಿದರು.

ಒಳಗಿನ ಪಾತ್ರೆಗೆ ನೀರು ಬೀಳುವ ಸದ್ದು ಕೇಳಿತು. ಮಳೆರಾಯರಿಗೆ ಇದ್ದಕ್ಕಿದ್ದಂತೆ ಪ್ರತಿ ವರ್ಷದ ಮೊದಲ ಮಳೆ ನೆನಪಾಯಿತು. ಆ ದಿನ ಅವಳು ಒಲೆಯ ಮೇಲೆ ಏನಿದ್ದರೂ ಬಿಟ್ಟು ತಾರಸಿಗೆ ಓಡುತ್ತಿದ್ದಳು. ಮೆಟ್ಟಿಲ ಮೇಲಿನಿಂದ ‘ರೀ, ಬನ್ನಿ, ಬನ್ನಿ’ ಎಂದು ಕೂಗುತ್ತಿದ್ದಳು. ಇವರು ಕೆಳಗಿನಿಂದಲೇ ‘ನೆಗಡಿಯಾಗುತ್ತೆ, ಇಳಿ’ ಎನ್ನುತ್ತಿದ್ದರು. ಒಂದು ವರ್ಷವೂ ಹತ್ತಲಿಲ್ಲ. ಮಳೆಯನ್ನು ಅಳೆಯುವವನು ಮಳೆಯಲ್ಲಿ ನೆನೆಯುವುದೆಂದರೆ ಏನೋ ಘನತೆಗೆ ಕುಂದು ಎಂಬ ಭಾವ. ಕೆಳಗೆ ನಿಂತು ಅವಳ ಹೆಜ್ಜೆಯ ಸದ್ದನ್ನಷ್ಟೇ ಕೇಳುತ್ತಿದ್ದರು. ಈಗ ಅದನ್ನು ನೆನೆಸಿಕೊಂಡು ಕಣ್ಣು ಮಂಜಾಗಿ, ಮೂಗು ಒರೆಸಿಕೊಂಡು ನೋಡುತ್ತಾರೆ: ಮಗ್ ಖಾಲಿ!

ಆ ಮಾಪಕದ ಬಾಯಿ ಅಗಲದಲ್ಲಿ ಒಂದು ಊಟದ ತಟ್ಟೆಯಷ್ಟೂ ಇಲ್ಲ. ಆದರೆ ಅದರೊಳಗೆ ಬಿದ್ದ ನೀರು, ಲೆಕ್ಕದಲ್ಲಿ ಇಡೀ ಊರಿನ ಮೇಲೆ ಬಿದ್ದ ನೀರು. ಒಂದು ಚಮಚ ಹಾಕಿದರೆ ತುಂತುರು, ಒಂದು ಲೋಟಕ್ಕೆ ಒಳ್ಳೆಯ ಮಳೆ, ಒಂದು ಮಗ್ಗಿಗೆ ಜಲಪ್ರಳಯ. ಇದು ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಮಳೆರಾಯರಿಗೆ ಗೊತ್ತಿತ್ತು. ಅಯ್ಯೋ ಎಂದು ಮಗ್ಗನ್ನು ಪೊದೆಯೊಳಗೆ ತೂರಿಸಿ, ಪಾತ್ರೆ ತೆಗೆದು ಮುಕ್ಕಾಲು ಪಾಲು ಗಿಡದ ಬುಡಕ್ಕೆ ಚೆಲ್ಲಬೇಕೆನ್ನುವಷ್ಟರಲ್ಲಿ ಬೆನ್ನ ಹಿಂದೆ ಸಾಹೇಬರ ಬೂಟಿನ ಸದ್ದಾಯಿತು.

“ಏನ್ರೀ ಅದು? ನೀರಾ?”

ಸಾಹೇಬರು ಆ ಬೇಸಿಗೆಯಿಡೀ ಮಳೆಯ ಮುನ್ಸೂಚನೆ ಕೊಟ್ಟು ಕೊಟ್ಟು ಸೋತವರು. ಪೇಪರಿನವರು ಅವರ ಬಗ್ಗೆ ವ್ಯಂಗ್ಯಚಿತ್ರ ಬರೆದಿದ್ದರು. ಮೇಲಿನವರಿಂದ ದಿನಾ ಬೈಗುಳ. ಈಗ ತುಂಬಿದ ಪಾತ್ರೆ ಕಂಡದ್ದೇ, ಕಳೆದುಹೋದ ಮಗುವನ್ನು ಜಾತ್ರೆಯಲ್ಲಿ ಕಂಡವರಂತೆ ಓಡಿಬಂದರು.

“ಅಳೀರಿ, ಅಳೀರಿ! ನನ್ನ ಮುಂದೇನೇ ಅಳೀರಿ!”

ಮಳೆರಾಯರು ಅಳೆದರು. ಗಾಜಿನ ಕೊಳವೆ ತುಂಬಿತು. ಖಾಲಿ ಮಾಡಿ ಮತ್ತೆ ತುಂಬಿಸಿದರು. ಮತ್ತೆ ತುಂಬಿತು.

“ನಾನು ಹೇಳಿರಲಿಲ್ವಾ! ಹೇಳಿರಲಿಲ್ವಾ!” ಸಾಹೇಬರ ಕಣ್ಣಲ್ಲಿ ನೀರು. “ರಾತ್ರಿ ಸುರಿದಿದೆ. ನಾನು ಕಿಟಕಿ ಮುಚ್ಚಿ ಮಲಗಿದ್ದೆ, ಕೇಳಿಸಲೇ ಇಲ್ಲ!”

“ಸರ್, ನೆಲ ಒಣಗಿದೆಯಲ್ಲ…” ಮಳೆರಾಯರು ಕ್ಷೀಣವಾಗಿ ಅಂದರು. ಸತ್ಯದ ಕಡೆಗೆ ಅದೊಂದು ಸಣ್ಣ ಹೆಜ್ಜೆ.

“ಇಂಥ ಬರಡು ನೆಲ ಕುಡಿಯದೇ ಬಿಡುತ್ತಾ? ಹೀರಿಕೊಂಡುಬಿಟ್ಟಿದೆ!”

“ಮರದ ಎಲೆ ಮೇಲೂ ಧೂಳಿದೆ ಸರ್.”

“ಮಳೆ ಆದ ಮೇಲೆ ಗಾಳಿ ಬಂದಿದೆ. ರೀ, ನಮ್ಮದು ಶಾಸ್ತ್ರೀಯವಾದ ಕಚೇರಿ. ಕಣ್ಣಿಗೆ ಕಂಡದ್ದನ್ನ ಬೀದಿಯವರು ನಂಬಲಿ. ನಾವು ಮಾಪಕ ನಂಬಬೇಕು.”

ಎಂದು ಹೇಳಿ ಸಾಹೇಬರು ಒಳಗೆ ಹೋಗಿ, ಹಗಲು ರಾತ್ರಿ ಪರದೆ ಎಳೆದೇ ಇರುವ ತಮ್ಮ ಕೋಣೆಯಲ್ಲಿ ಕೂತು, ತಮ್ಮ ಕೈಯಾರೆ ವರದಿ ಕಳಿಸಿದರು.

ಮಧ್ಯಾಹ್ನದ ರೇಡಿಯೋ ವಾರ್ತೆಯಲ್ಲಿ ಬಂತು: ಭಾರೀ ಮಳೆ, ಬೇಸಿಗೆಗೆ ತೆರೆ, ಹವಾಮಾನ ಕಚೇರಿಯ ಮುನ್ಸೂಚನೆ ನಿಜ. ಬೀದಿಯಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಜನ ತಲೆಯೆತ್ತಿ ಆಕಾಶ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ‘ನಮ್ಮ ಬೀದಿಗಿಲ್ಲ, ಆಚೆ ಬೀದಿಗೆ ಬಿದ್ದಿರಬೇಕು’ ಎಂದು ಎಲ್ಲ ಬೀದಿಯವರೂ ಅಂದುಕೊಂಡರು. ಮಳೆರಾಯರಿಗೆ ಅದರ ಗೊಡವೆಯಿರಲಿಲ್ಲ. ಅವರು ಮನಸ್ಸಿನಲ್ಲೇ ಬಸ್ಸಿನ ವೇಳೆ ಲೆಕ್ಕ ಹಾಕುತ್ತಿದ್ದರು. ಮನೆಯ ನೆಲದ ಮೇಲಿನ ಪೇಪರು ಎತ್ತಿಡಬೇಕು, ಹಾಲು ತರಬೇಕು. ಅವಳು ಬರುತ್ತಾಳೆ! ಬಂದು ‘ಇದೇನು ಮನೇನಾ?’ ಎನ್ನುತ್ತಾಳೆ! ಸುಳ್ಳು ಹೇಳಿ ಸಿಕ್ಕಿಬೀಳುವ ಭಯಕ್ಕಿಂತ ಆ ಬೈಗುಳದ ಆಸೆಯೇ ದೊಡ್ಡದಾಗಿ, ಅವರು ಕಚೇರಿಯ ಕುರ್ಚಿಯಲ್ಲೇ ಒಮ್ಮೆ ನಕ್ಕರು.

ಆ ನಗು ಪೂರ್ತಿಯಾಗುವ ಮೊದಲೇ ಎರಡನೆಯ ಪ್ರಕಟಣೆ ಬಂತು. ಇಷ್ಟು ಮಳೆ ಬಿದ್ದ ಮೇಲೆ ಹೊಳೆಗೆ ನೀರು ನುಗ್ಗುವುದು ಖಚಿತವಾದ್ದರಿಂದ, ತಗ್ಗು ಸೇತುವೆಯ ಮೇಲೆ ಸಂಚಾರ ಬಂದ್. ವಾಹನಗಳು ಅಲ್ಲಲ್ಲೇ ನಿಲ್ಲತಕ್ಕದ್ದು.

ಮಳೆರಾಯರು ಕುರ್ಚಿಯಿಂದ ಎದ್ದರು. ಅಕ್ಕನ ಊರಿನಿಂದ ಬರುವ ದಾರಿ ಅದೊಂದೇ. ಅಷ್ಟರಲ್ಲಿ ಕಚೇರಿಯ ಫೋನು ಹೊಡೆದುಕೊಂಡಿತು. ಹೆಂಡತಿಯ ಅಕ್ಕ.

“ಅವಳು ಬಂದ್ಲಾ? ರೇಡಿಯೋ ಕೇಳಿದ್ದೇ ತಡ, ಒಂದು ನಿಮಿಷ ನಿಲ್ಲಲಿಲ್ಲ. ‘ಆ ಮನುಷ್ಯ ಕಿಟಕಿ ಮುಚ್ಚಿರಲ್ಲ, ಹಾಸಿಗೆಯೆಲ್ಲ ನೆನೆದುಹೋಗಿರುತ್ತೆ’ ಅಂತ ಹೇಳ್ಕೊಂಡು ಹೊರಟಳು. ಈಗ ನೋಡಿದ್ರೆ ಸೇತುವೆ ಬಂದ್ ಅಂತಾರೆ. ನನಗೆ ಕೈಕಾಲೇ ಆಡ್ತಿಲ್ಲ. ನೀರು ಎಷ್ಟಿದೆ ಅಲ್ಲಿ?”

“ಅತ್ತಿಗೆ… ನೀರು… ನಾನು ನೋಡ್ತೀನಿ,” ಎಂದು ಫೋನಿಟ್ಟು ಮಳೆರಾಯರು ನೇರವಾಗಿ ಸಾಹೇಬರ ಕೋಣೆಗೆ ನುಗ್ಗಿದರು.

“ಸರ್, ಆ ಮಳೆ… ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ?”

“ಏನಂದ್ರಿ? ಬಿದ್ದ ಮಳೆ ಕಮ್ಮಿ ಮಾಡೋಕೆ ನಾನ್ಯಾರು, ನೀವ್ಯಾರು?”

“ಬಿದ್ದೇ ಇಲ್ಲ ಸರ್. ನಾನೇ ಸುರಿದದ್ದು. ಬಚ್ಚಲಿಂದ ತಂದು.”

ಸಾಹೇಬರು ಪೆನ್ನು ಕೆಳಗಿಟ್ಟು ಮಳೆರಾಯರನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿನ ಬದಲು ಕನಿಕರ ಮೂಡಿತು. ಬೇಸಿಗೆಯಿಡೀ ಕಾದು ಪಡೆದ ಮಳೆಯನ್ನು ಯಾರೋ ಒಬ್ಬ ನೌಕರ ಬಂದು ಕಿತ್ತುಕೊಳ್ಳುವುದೆಂದರೆ ಅದನ್ನು ಯಾವ ಅಧಿಕಾರಿ ತಾನೇ ನಂಬುತ್ತಾನೆ?

“ಮನೆಯಲ್ಲಿ ಅವರು ಇಲ್ವಂತೆ, ಅಲ್ವಾ?” ಎಂದರು ಮೆತ್ತಗೆ. “ಊಟ ಸರಿಯಾಗಿ ಮಾಡ್ತಿಲ್ಲ ನೀವು. ಬಿಸಿಲು ತಲೆಗೇರಿದೆ. ರಜ ತಗೊಳ್ಳಿ. ಎಷ್ಟು ದಿನ ಬೇಕಾದರೂ ತಗೊಳ್ಳಿ. ಮಾಪಕ ನಾನೇ ನೋಡ್ಕೋತೀನಿ.”

ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ಮಳೆರಾಯರು ಸ್ಕೂಟರ್ ಹತ್ತಿದರು. ಸೇತುವೆಯ ದಾರಿಯುದ್ದಕ್ಕೂ ಬಿಸಿಲು ಕುದಿಯುತ್ತಿತ್ತು, ಕರಗಿದ ಡಾಂಬರು ಚಕ್ರಕ್ಕೆ ಅಂಟುತ್ತಿತ್ತು. ಇಷ್ಟು ದಿನ ಹೀಗೆ ಸ್ಕೂಟರ್ ಹತ್ತಿ ಹೋಗಿ ಅವಳನ್ನು ಕರೆದುಕೊಂಡು ಬರಬಹುದಿತ್ತು ಎಂಬ ಅತಿ ಸರಳವಾದ ವಿಷಯ ಅವರಿಗೆ ಹೊಳೆದದ್ದು ಈ ದಾರಿಯಲ್ಲಿ. ಕಡಲ ಮೇಲಿನ ಗಾಳಿ, ಬೆಟ್ಟದ ಮೇಲಿನ ಮೋಡ ಎಲ್ಲದರ ಬಗ್ಗೆ ಯೋಚಿಸಿದ ತಲೆಗೆ ಇದೊಂದು ಹೊಳೆದಿರಲಿಲ್ಲ. ಹೋಗುವವಳೂ ಅವಳೇ, ಬರುವವಳೂ ಅವಳೇ, ಬಾಗಿಲು ತೆಗೆಯುವುದಷ್ಟೇ ತಮ್ಮ ಪಾಲಿನದು ಎಂದು ಬದುಕಿದ್ದರು.

ಸೇತುವೆಯ ಈಚೆ ತುದಿಯಲ್ಲಿ ಅಡ್ಡಗೋಲು. ಅದರ ಮುಂದೆ ಒಬ್ಬ ಪೊಲೀಸಿನವನು. ಹಿಂದೆ ಲಾರಿ, ಬಸ್ಸು, ಸೈಕಲ್ಲು, ಜನ. ಕೆಳಗೆ ಹೊಳೆಯ ಪಾತ್ರ ಮರಳು ತುಂಬಿಕೊಂಡು ಬಟಾಬಯಲಾಗಿ ಮಲಗಿತ್ತು. ನಡುವೆ ಒಂದು ಎಮ್ಮೆ ನೀರಿಗಾಗಿ ಮೂಸಿ ಮೂಸಿ, ಸಿಗದೆ, ಬೇಸರದಿಂದ ನಿಂತಿತ್ತು.

“ಮುಂದೆ ಹೋಗಂಗಿಲ್ಲ,” ಎಂದ ಪೊಲೀಸಿನವನು. “ಪ್ರವಾಹ.”

“ಎಲ್ಲಿದೆಯಪ್ಪಾ ಪ್ರವಾಹ?”

“ಇನ್ನೂ ಬಂದಿಲ್ಲ. ದಾರೀಲಿದೆ.”

“ಸ್ವಲ್ಪ ಮೇಲೆ ನೋಡಿ. ಒಂದು ಮೋಡ ಇದೆಯಾ?”

“ನಾನ್ಯಾಕೆ ನೋಡ್ಲಿ? ಹವಾಮಾನ ಕಚೇರಿಯವರು ನೋಡಿ ಹೇಳಿದ್ದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?”

ಇಲಾಖೆಯ ಮಾತನ್ನು ಇಷ್ಟು ಭಕ್ತಿಯಿಂದ ನಂಬುವ ಒಬ್ಬ ಮನುಷ್ಯನಿಗಾಗಿ ಅವರು ಸೇವೆಯಿಡೀ ಕಾದಿದ್ದರು. ಸಿಕ್ಕಿದವನು ಇಲ್ಲಿ ಸಿಕ್ಕಿದ.

ಆಗ ಅವರು ಆಚೆ ದಡ ನೋಡಿದರು. ಅಲ್ಲೂ ಅಡ್ಡಗೋಲು, ನಿಂತ ಬಸ್ಸು, ನೆರಳಿಗಾಗಿ ಬಸ್ಸಿಗೆ ಒತ್ತಿಕೊಂಡ ಜನ. ಅವರ ಮುಂದೆ, ಷಡ್ಡಕರ ದೊಡ್ಡ ಕಪ್ಪು ಕೊಡೆ ಬಿಚ್ಚಿ ಹಿಡಿದು, ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ತೊಟ್ಟು, ಕಾಲ ಬಳಿ ಚೀಲವಿಟ್ಟುಕೊಂಡು ನಿಂತಿದ್ದವಳು ಮನೆಯಾಕೆ. ಆ ಬೂಟುಗಳೂ ಷಡ್ಡಕರವೇ. ಗಂಡ ನೀರಿನಲ್ಲಿ ಮುಳುಗುತ್ತಾನೆಂದು ಹೊರಟವಳು ಸಿದ್ಧತೆಯಿಲ್ಲದೆ ಹೊರಟಿರಲಿಲ್ಲ. ಮಳೆರಾಯರಿಗೆ ನಗು ಬರಬೇಕಿತ್ತು. ನಗಲಿಲ್ಲ, ಅಡ್ಡಗೋಲಿನವರೆಗೆ ಓಡಿದರು.

“ಏ, ಇವಳೇ!” ಎಂದು ಕೂಗಿದರು. ದಡದ ಜನವೆಲ್ಲ ತಿರುಗಿ ನೋಡಿತು.

ಕೊಡೆ ಮೇಲೆದ್ದಿತು. “ರೀ! ಮನೇಲಿ ನೀರು ನುಗ್ಗಿದೆಯಾ?”

“ಇಲ್ಲ!”

“ಕಿಟಕಿ ಮುಚ್ಚಿದ್ರಾ?”

“ಮಳೆ ಬಂದಿಲ್ಲ!”

“ಏನು?”

“ಮಳೆ, ಬಂದಿಲ್ಲ!”

“ರೇಡಿಯೋದಲ್ಲಿ ಹೇಳಿದ್ರಲ್ಲ?”

ಮಳೆರಾಯರು ಸುತ್ತ ನೋಡಿದರು. ಲಾರಿಯವರು, ಬಸ್ಸಿನವರು, ಪೊಲೀಸಿನವನು ಎಲ್ಲರೂ ಕಿವಿ ನಿಮಿರಿಸಿ ನಿಂತಿದ್ದಾರೆ. ಮಾನ ಹೋದರೆ ಹೋಗಲಿ ಎಂದು ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿಬಿಟ್ಟರು:

“ಅದು ನಾನೇ ಸುರಿದ ಮಳೆ! ಮಗ್ಗಲ್ಲಿ!”

“ಯಾಕೆ?”

ಮಳೆರಾಯರು ಕೈಗಳನ್ನು ಬಾಯಿಯಿಂದ ಇಳಿಸಿದರು. ಆಚೆ ದಡದಲ್ಲಿ ಯಾರೋ “ಯಾಕಂತೆ?” ಎಂದರು. ಈಚೆ ದಡದಲ್ಲಿ ಒಬ್ಬ ಲಾರಿಯವನು ಅವರ ಬೆನ್ನು ತಟ್ಟಿ, “ಹೇಳಿ ಸ್ವಾಮಿ, ಆಯಮ್ಮ ಕೇಳ್ತಾ ಇದಾರೆ. ನಮಗೂ ಲೇಟಾಗ್ತಿದೆ,” ಎಂದ.

“ನೀನು ಬರಲಿ ಅಂತ!” ಎಂದು ಕೂಗಿದರು ಮಳೆರಾಯರು. “ನೀನಿಲ್ಲದೆ ನನಗೆ ಆಗ್ತಿಲ್ಲ ಕಣೇ!”

ಹೊಳೆಯ ಎರಡೂ ದಡದ ಜನ ಮನೆಯಾಕೆಯತ್ತ ತಿರುಗಿದರು. ಎಮ್ಮೆ ಕೂಡ ತಲೆಯೆತ್ತಿ ನೋಡಿತು. ಆಮೇಲೆ ಆಚೆಯ ಕೊಡೆ ಮಡಚಿಕೊಂಡಿತು. ಮನೆಯಾಕೆ ಚೀಲ ಎತ್ತಿಕೊಂಡು, ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಆ ದೊಡ್ಡ ಬೂಟುಗಳನ್ನು ಎಳೆಯುತ್ತಾ ಹೊಳೆಗೆ ಇಳಿದಳು. ಪೊಲೀಸಿನವನು ಸೀಟಿ ಊದಿ, “ಅಮ್ಮಾ, ಪ್ರವಾಹ! ಪ್ರವಾಹ!” ಎಂದು ಕೂಗಿದ. ಆಕೆ ಒಣ ಮರಳಿನಲ್ಲಿ ಧೂಳೆಬ್ಬಿಸುತ್ತಾ ಪ್ರವಾಹದ ನಟ್ಟನಡುವಿನವರೆಗೆ ಬಂದು, ಚೀಲವನ್ನು ನೆಲಕ್ಕಿಟ್ಟು, ನಿಂತುಬಿಟ್ಟಳು.

“ಬಾ!” ಎಂದರು ಮಳೆರಾಯರು.

“ಅರ್ಧ ಬಂದಿದೀನಿ. ಉಳಿದದ್ದು ನೀವು ಬನ್ನಿ.”

ಮಳೆರಾಯರು ಸ್ಕೂಟರನ್ನು ಇದ್ದಲ್ಲೇ ಬಿಟ್ಟು, ಅಡ್ಡಗೋಲಿನ ಕೆಳಗೆ ನುಸುಳಿ, ಅರ್ಧ ನಡೆದು ಅರ್ಧ ಜಾರಿ, ಹೊಳೆಗೆ ಇಳಿದರು. ಹತ್ತಿರ ಹೋಗಿ ನಿಂತರು. ಹೇಳಲು ಎಷ್ಟೋ ಇತ್ತು. ಬಾಯಿಗೆ ಬಂದದ್ದು ಮಾತ್ರ, “ಬೂಟು ಚೆನ್ನಾಗಿದೆ.”

“ಸರ್ಕಾರಕ್ಕೇ ಸುಳ್ಳು ಹೇಳೋಕೆ ಧೈರ್ಯ ಬಂತು,” ಎಂದಳು ಆಕೆ, ಅವರ ಅಂಗಿಯ ಕಾಲರಿನ ಕೊಳೆಯನ್ನು ನೋಡುತ್ತಾ. “ನನಗೆ ‘ಬಾ’ ಅನ್ನೋಕೆ ಬರಲಿಲ್ಲ, ಅಲ್ವಾ? ದಿನಾ ನಾನಾಗೇ ಫೋನ್ ಮಾಡ್ತಿದ್ದೆ. ಮೋಡ ಕಟ್ಕೊಂಡು ನನಗೇನಾಗಬೇಕಿತ್ತು?”

ಮಳೆರಾಯರು ಪೆಚ್ಚು ಮೋರೆ ಹಾಕಿಕೊಂಡು ಚೀಲ ಎತ್ತಿಕೊಂಡರು. ಊರಿನ ಕಡೆಗೆ ತಿರುಗಿದರು. “ಆಯ್ತು, ತಪ್ಪಾಯ್ತು. ನಡಿ, ಮನೆಗೆ ಹೋಗೋಣ. ನಾಳೆನೇ ಸುಣ್ಣ ಬಳಿಸ್ತೀನಿ.”

ಆಕೆ ಅಲುಗಲಿಲ್ಲ.

“ಮಳೆ ಬಂದಿದೆಯಾ?”

“ಇಲ್ಲ ಅಂದ್ನಲ್ಲ.”

“ನಾನು ಎಂದು ಬರ್ತೀನಿ ಅಂದಿದ್ದೆ?”

“ಮಳೆ ಬಂದ ದಿನ… ಆದ್ರೆ ಈಗ ಇಷ್ಟು ದೂರ ಬಂದು…”

“ನಿಮ್ಮ ಇಲಾಖೆ ಥರ ನಾನು ಮಾತು ಬದಲಾಯಿಸೋಳಲ್ಲ,” ಎಂದಳು ಮನೆಯಾಕೆ. ಮಡಚಿದ ಕೊಡೆಯನ್ನು ಮತ್ತೆ ಬಿಚ್ಚಿ, ಅರ್ಧ ನೆರಳನ್ನು ಅವರ ತಲೆಯ ಮೇಲೆ ಹಿಡಿದು, ಅಕ್ಕನ ಊರಿನ ಕಡೆಗೆ ತಿರುಗಿದಳು. “ನಡೀರಿ. ಅಲ್ಲಿ ತಂಪಾಗಿದೆ. ರಜ ಇದೆಯಾ?”

“ಎಷ್ಟು ಬೇಕಾದರೂ ಇದೆ.”

“ಹಾಗಾದ್ರೆ ಹೋದ ತಕ್ಷಣ ರೇಡಿಯೋದವರಿಗೆ ನೀವೇ ಫೋನ್ ಮಾಡಿ ನಿಜ ಹೇಳಬೇಕು. ಆಮೇಲೆ ಕಾಫಿ.”

ಮಳೆರಾಯರು ಹೂಂ ಎಂದು ಚೀಲ ಹೊತ್ತು ಅವಳ ಪಕ್ಕದಲ್ಲಿ ನಡೆದರು. ಕೊಡೆ ಸಾಲದೆ ಒಂದು ಭುಜ ಬಿಸಿಲಿಗೆ ಸುಡುತ್ತಿತ್ತು, ಇನ್ನೊಂದು ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ಇಷ್ಟು ದಿನ ಬೇಡಿಕೊಂಡದ್ದು ಸಿಕ್ಕಿತೋ ಇಲ್ಲವೋ ಎಂದು ಅವರಿಗೆ ಸರಿಯಾಗಿ ತಿಳಿಯಲಿಲ್ಲ. ಅವಳು ಮನೆಗೆ ಬಂದಿರಲಿಲ್ಲ, ಆದರೆ ಬೈಯುತ್ತಿದ್ದಳು. ಅಷ್ಟರಲ್ಲಿ ಹಿಂದಿನ ದಡದಿಂದ ಪೊಲೀಸಿನವನ ದನಿ ಕೇಳಿತು.

“ಸ್ವಾಮೀ! ಸ್ಕೂಟರ್ ಇಲ್ಲೇ ಬಿಟ್ಟು ಹೋಗ್ತಿದ್ದೀರಲ್ಲ! ಎಲ್ಲೀವರೆಗೂ ಕಾ‍ಯ್ಲಿ ನಾನು?”

ಮಳೆರಾಯರು ಹೆಂಡತಿಯ ಮುಖ ನೋಡಿದರು. ಆಕೆ ತುಟಿ ಬಿಗಿಹಿಡಿದು ಮುಂದೆ ನೋಡುತ್ತಿದ್ದಳು.

“ಮಳೆ ಬರೋವರೆಗೂ!” ಎಂದು ಕೂಗಿದರು ಮಳೆರಾಯರು.